ಡೇಟ್ ಬಾರ್ ಆದದ್ದೆಲ್ಲ ಕೆಟ್ಟದ್ದೇ?

ಪ್ರಶ್ನೆ: ನನಗೆ ಅರವತ್ತೆರಡು ವರ್ಷ. ಮಗ ಸೊಸೆಯ ಜೊತೆ ಇದ್ದೇನೆ. ಸೊಸೆ ಆರು ತಿಂಗಳ ಬಸುರಿ. ಮಗ ಪ್ರತಿ ಭಾನುವಾರ ಫ್ರಿಜ್ಜು, ಕಪಾಟು ಎರಡನ್ನೂ ಜಾಲಾಡಿ ಡೇಟ್ ಬಾರ್ ಆದದ್ದನ್ನೆಲ್ಲ ಕಸದ ಬುಟ್ಟಿಗೆ ಹಾಕುತ್ತಾನೆ. ಕಳೆದ ವಾರ ಬಾಯಿ ಬಿಚ್ಚದ ಓಟ್ಸ್ ಪ್ಯಾಕೆಟ್, ಬೇಯಿಸಿದ ಕಾಳಿನ ಒಂದು ಟಿನ್ನು, ಅರ್ಧ ಡಬ್ಬಿ ಮೊಸರು ಹೀಗೆ ಹೋದವು. ನನಗೆ ಹೊಟ್ಟೆ ಉರಿದುಹೋಯಿತು. ನಾನು ಮೊದಲಿನಿಂದಲೂ ಮೂಸಿ, ಒಂದು ಚೂರು ನಾಲಿಗೆಗೆ ಹಚ್ಚಿ ತೀರ್ಮಾನ ಮಾಡುವವಳು. ಅದೇ ದಿನ, ಬೇಯಿಸಿ ಹೋಳು ಮಾಡಿ ಪ್ಯಾಕ್ ಮಾಡಿದ ಕೋಳಿಮಾಂಸದ ಪೊಟ್ಟಣವೊಂದು ತಾರೀಖು ದಾಟಿ ಎರಡು ದಿನವಾಗಿತ್ತು. ವಾಸನೆ ಚೆನ್ನಾಗಿಯೇ ಇತ್ತು. ಸೊಸೆಗೆ ಬಡಿಸಲು ಹೋದೆ, ಮಗ ಕೈಯಿಂದ ಕಿತ್ತುಕೊಂಡ. ಅಂದಿನಿಂದ ಮನೆಯಲ್ಲಿ ಮಾತು ಕಡಿಮೆಯಾಗಿದೆ. ಒಂದರ ಮೇಲೆ ‘ಬೆಸ್ಟ್ ಬಿಫೋರ್’, ಇನ್ನೊಂದರ ಮೇಲೆ ‘ಯೂಸ್ ಬೈ’, ಮತ್ತೊಂದರ ಮೇಲೆ ‘ಸೆಲ್ ಬೈ’, ಕೆಲವದರ ಮೇಲೆ ಬರೀ ಅಂಕಿ. ಎಲ್ಲಕ್ಕೂ ಒಂದೇ ಪದ, ಒಂದೇ ತಾರೀಖು ಎಂದು ನಿಯಮ ಮಾಡಿಬಿಟ್ಟರೆ ಈ ಗೊಂದಲವೇ ಇರುವುದಿಲ್ಲವಲ್ಲ? ಹುಟ್ಟುವ ಮಗುವಿಗೆಂದು ಯಾರೋ ಕೊಟ್ಟ ಹಾಲಿನ ಪುಡಿಯ ಡಬ್ಬಿಯೂ ಕಪಾಟಿನಲ್ಲಿದೆ, ಅದರ ತಾರೀಖು ಹೆರಿಗೆಗೆ ಮುಂಚೆಯೇ ಮುಗಿಯುತ್ತದೆ. ಮಗ ಸರಿಯೋ, ನಾನು ಸರಿಯೋ?

ಉತ್ತರ: ಅಮ್ಮಾ, ನಿಮ್ಮ ಪತ್ರ ಓದಿ ಮುಗಿಸಿದ ಮೇಲೆ, ನೀವು ಹೇಳಿದ ಐದು ಪದಾರ್ಥಗಳನ್ನು ಹಾಳೆಯ ಮೇಲೆ ಬರೆದು ಒಂದೊಂದರ ಎದುರಿಗೂ ಉತ್ತರ ಬರೆದೆ. ಓಟ್ಸ್ ಮತ್ತು ಟಿನ್ನಿನ ವಿಷಯದಲ್ಲಿ ನೀವು ಸರಿ. ಕೋಳಿಮಾಂಸದ ವಿಷಯದಲ್ಲಿ ನಿಮ್ಮ ಮಗ ಪೂರ್ತಿ ಸರಿ. ಮೊಸರಿನಲ್ಲಿ ಇಬ್ಬರದೂ ಅರ್ಧರ್ಧ. ಹಾಲಿನ ಪುಡಿಯದು ಬೇರೆಯೇ ಕಥೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಕೈಯಿಂದ ಕಿತ್ತುಕೊಂಡದ್ದು ನಿಮಗೆ ನೋವಾಗಿದೆ, ಗೊತ್ತಾಗುತ್ತದೆ. ಆದರೂ ಆ ಒಂದು ಪೊಟ್ಟಣದ ಮಟ್ಟಿಗೆ ಅವರು ಮಾಡಿದ್ದು ಸರಿ ಎಂದು ಮುಚ್ಚುಮರೆಯಿಲ್ಲದೆ ಹೇಳಬೇಕು. ನಿಮ್ಮ ಹೆದರಿಕೆ ಅನ್ನ ದಂಡವಾಗುತ್ತದಲ್ಲ ಎಂಬುದು, ಅವರ ಹೆದರಿಕೆ ಹೆಂಡತಿಗೆ ಏನಾದರೂ ಆದೀತು ಎಂಬುದು. ಎರಡೂ ನ್ಯಾಯವಾದ ಹೆದರಿಕೆಗಳೇ. ತೊಂದರೆ ಆಗಿರುವುದು ಎಲ್ಲಿ ಎಂದರೆ, ನೀವು ಎಲ್ಲ ಪೊಟ್ಟಣಗಳಿಗೂ ಮೂಗಿನ ನಿಯಮ ಹಾಕುತ್ತೀರಿ, ಅವರು ಎಲ್ಲ ಪೊಟ್ಟಣಗಳಿಗೂ ಕ್ಯಾಲೆಂಡರಿನ ನಿಯಮ ಹಾಕುತ್ತಾರೆ. ಪೊಟ್ಟಣದ ಮೇಲಿರುವ ತಾರೀಖುಗಳು ಮಾತ್ರ ಒಂದೇ ಜಾತಿಯವಲ್ಲ.

ನಾನು ಕೆಲಸ ಶುರುಮಾಡಿದ್ದು ಆಹಾರ ಕಾರ್ಖಾನೆಯೊಂದರ ಬಾಳಿಕೆ ಪರೀಕ್ಷೆಯ ವಿಭಾಗದಲ್ಲಿ. ಆ ತಾರೀಖು ಹೇಗೆ ಹುಟ್ಟುತ್ತದೆ ಎಂದು ನೋಡಿದವರಿಗೆ ಅದರ ಮೇಲಿನ ಭಯಭಕ್ತಿ ತಾನಾಗಿಯೇ ಹದಕ್ಕೆ ಬರುತ್ತದೆ. ಬಿಸ್ಕತ್ತನ್ನೇ ತೆಗೆದುಕೊಳ್ಳಿ. ಒಂದೇ ದಿನ ತಯಾರಾದ ನೂರಾರು ಪ್ಯಾಕೆಟ್‌ಗಳನ್ನು ಬೇರೆ ಬೇರೆ ಉಷ್ಣತೆಯ ಕೋಣೆಗಳಲ್ಲಿ ಇಡುತ್ತೇವೆ. ಕೆಲವು ಕೋಣೆಗಳನ್ನು ಬೇಕೆಂದೇ ಬಿಸಿಯಾಗಿ ಇಟ್ಟಿರುತ್ತೇವೆ. ಉಷ್ಣತೆ 10 ಡಿಗ್ರಿ ಏರಿದರೆ ಹಾಳಾಗುವ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬ ಅಂದಾಜಿನ ಮೇಲೆ, ಒಂದು ವರ್ಷದ ಮುದಿತನವನ್ನು ಕೆಲವೇ ತಿಂಗಳಲ್ಲಿ ನೋಡಿಬಿಡಬಹುದು. ನಿಗದಿತ ದಿನಗಳಿಗೊಮ್ಮೆ ಪ್ಯಾಕೆಟ್ ಒಡೆದು ತೇವಾಂಶ ಅಳೆಯುತ್ತೇವೆ, ಎಣ್ಣೆಯ ಅಂಶ ಕಮಟುತ್ತಿದೆಯೇ ನೋಡುತ್ತೇವೆ, ರುಚಿ ನೋಡಲು ತರಬೇತಾದವರನ್ನು ಕೂರಿಸಿ ಅಂಕ ಹಾಕಿಸುತ್ತೇವೆ. ಮೊದಲು ಬೀಳುವುದು ಸಾಮಾನ್ಯವಾಗಿ ಗರಿಗರಿ. ‘ಹೊಸದರಷ್ಟು ಚೆನ್ನಾಗಿಲ್ಲ’ ಎಂಬ ಮಾತು ತಂಡದಿಂದ ಬಂದ ದಿನವನ್ನು ಗುರುತು ಹಾಕಿಕೊಂಡು, ಅದರಿಂದ ಇನ್ನಷ್ಟು ವಾರಗಳನ್ನು ಹಿಂದಕ್ಕೆ ಕಡಿಯುತ್ತೇವೆ. ಲಾರಿಯಲ್ಲಿ ಬಿಸಿಲಿಗೆ ಸಿಕ್ಕ ಪ್ಯಾಕೆಟ್ಟೂ ಆ ತಾರೀಖಿನವರೆಗೆ ಚೆನ್ನಾಗಿರಬೇಕಲ್ಲ, ಅದಕ್ಕೆ. ಹಾಗೆ ಕಡಿದು ಉಳಿದದ್ದೇ ‘ಬೆಸ್ಟ್ ಬಿಫೋರ್’.

ಅಂದರೆ ಅದು ತಯಾರಕ ತನ್ನ ಹೆಸರು ಕೆಡದಿರಲಿ ಎಂದು ಕೊಡುವ ಮಾತು. ಇಲ್ಲಿಯವರೆಗೆ ನಮ್ಮ ಬಿಸ್ಕತ್ತು ನಾವು ಹೇಳಿದ ಹಾಗೇ ಇರುತ್ತದೆ, ಇಷ್ಟೇ. ಮರುದಿನ ಅದು ವಿಷವಾಗುತ್ತದೆ ಎಂದು ಆ ಪರೀಕ್ಷೆಯಲ್ಲಿ ಎಲ್ಲೂ ಕಂಡಿರುವುದಿಲ್ಲ. ತಾರೀಖು ಮುಗಿದು ಎಷ್ಟೋ ವಾರಗಳಾದ ಮೇಲೂ ನಾವು ಆ ಮಾದರಿಗಳನ್ನು ತಿಂದು ಅಂಕ ಹಾಕುತ್ತಲೇ ಇದ್ದೆವು. ಸ್ವಲ್ಪ ಮೆತ್ತಗಾಗಿದೆ ಎಂಬುದಕ್ಕಿಂತ ಹೆಚ್ಚಿನ ದೂರು ಬರುತ್ತಿದ್ದದ್ದು ಅಪರೂಪ.

‘ಯೂಸ್ ಬೈ’ ಹುಟ್ಟುವ ದಾರಿಯೇ ಬೇರೆ. ಫ್ರಿಜ್ಜಿನಲ್ಲೇ ಇಡಬೇಕಾದ, ಮತ್ತೆ ಬೇಯಿಸದೆ ತಿನ್ನುವ ಆಹಾರಗಳಲ್ಲಿ ರುಚಿ ನೋಡುವವರ ಅಂಕಕ್ಕಿಂತ ಮುಂಚೆ ಸೂಕ್ಷ್ಮಜೀವಿಗಳ ಎಣಿಕೆ ಬರುತ್ತದೆ. ಹಾನಿಕಾರಕ ಬ್ಯಾಕ್ಟೀರಿಯ ಒಂದಿಷ್ಟು ಅದರಲ್ಲಿ ಸೇರಿಕೊಂಡಿದ್ದರೆ, ಹೇಳಿದಷ್ಟೇ ತಣ್ಣಗೆ ಇಟ್ಟಾಗ ಅದು ಅಪಾಯದ ಮಟ್ಟಕ್ಕೆ ಬೆಳೆಯಲು ಎಷ್ಟು ದಿನ ಬೇಕು ಎಂಬುದು ಇಲ್ಲಿನ ಲೆಕ್ಕ. ಆ ಗಡಿ ದಾಟಿದ ಆಹಾರವನ್ನು ಯುರೋಪಿಯನ್ ಒಕ್ಕೂಟದ ಕಾನೂನು ಅಸುರಕ್ಷಿತ ಎಂದೇ ಪರಿಗಣಿಸುತ್ತದೆ. ಇಲ್ಲಿ ‘ಎರಡೇ ದಿನ ತಾನೆ’ ಎನ್ನುವ ಹಾಗಿಲ್ಲ.

ಈಗ ನಿಮ್ಮ ಮೂಗಿನ ವಿಷಯ. ಹೆಂಗಸರ ಮೂಗನ್ನು, ಅದರಲ್ಲೂ ನಲವತ್ತು ವರ್ಷ ಅಡುಗೆಮನೆ ನಡೆಸಿದವರ ಮೂಗನ್ನು ನಾನು ಹಗುರವಾಗಿ ಕಾಣುವವನಲ್ಲ. ಹಳಸಲು, ಮುಗ್ಗಲು, ಕಮಟು, ಹುಳಿ ಎಂದು ಒಂದೊಂದನ್ನೂ ಬೇರೆಯಾಗಿ ಗುರುತಿಸುವ ನಿಮ್ಮಂಥವರ ಅನುಭವ ನಮ್ಮ ಯಂತ್ರಗಳಿಗೆ ಸುಲಭಕ್ಕೆ ಬರುವುದಿಲ್ಲ. ಆದರೆ ಮೂಗು ಹಿಡಿಯುವುದು ಆಹಾರವನ್ನು ಕೆಡಿಸುವ ಜೀವಿಗಳನ್ನು. ಲೋಳೆ ಕಟ್ಟುವುದು, ಹಾಲು ಒಡೆಯುವುದು, ದುರ್ವಾಸನೆ ಬರುವುದು ಎಲ್ಲ ಇವುಗಳ ಕೆಲಸ. ಇವು ಮನುಷ್ಯನನ್ನು ಮಲಗಿಸುವುದು ಕಡಿಮೆ. ಮಲಗಿಸುವ ಲಿಸ್ಟೀರಿಯ, ಸಾಲ್ಮೊನೆಲ್ಲದಂಥವು ಬೇರೆ ಗುಂಪು. ಅವು ಆಹಾರದ ಬಣ್ಣ, ವಾಸನೆ, ರುಚಿ ಯಾವುದನ್ನೂ ಮುಟ್ಟದೆ ಬೆಳೆಯಬಲ್ಲವು. ಲಿಸ್ಟೀರಿಯಕ್ಕಂತೂ ಫ್ರಿಜ್ಜಿನ ಚಳಿಯೂ ಪೂರ್ತಿ ತಡೆಯಲ್ಲ, ಅಲ್ಲಿಯೂ ನಿಧಾನವಾಗಿ ಬೆಳೆಯುತ್ತದೆ. ಹೋಳು ಮಾಡಿದ ಬೆಂದ ಮಾಂಸ, ಹೊಗೆಯಲ್ಲಿಟ್ಟ ಮೀನು, ಮೆತ್ತನೆಯ ಚೀಸ್ ಅದಕ್ಕೆ ಇಷ್ಟದ ಜಾಗಗಳು. ಬಸುರಿಯರಿಗೆ ಈ ಸೋಂಕು ತಗಲುವ ಸಾಧ್ಯತೆ ಉಳಿದವರಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚು. ತಾಯಿಗೆ ಬರೀ ಜ್ವರ, ಮೈಕೈ ನೋವಾಗಿ ಹೋಗಬಹುದು, ಹೊಟ್ಟೆಯೊಳಗಿನ ಮಗುವಿಗೆ ಜೀವಕ್ಕೇ ಕುತ್ತು. ಸೋಂಕಿನ ಲಕ್ಷಣ ಕೆಲವು ಸಲ ವಾರಗಟ್ಟಲೆ ತಡವಾಗಿ ಕಾಣಿಸಿಕೊಳ್ಳುವುದರಿಂದ, ಯಾವ ಊಟದಿಂದ ಬಂತು ಎಂಬುದೂ ಗೊತ್ತಾಗುವುದಿಲ್ಲ. ‘ನಾವು ಎಷ್ಟೋ ಸಲ ತಿಂದಿದ್ದೇವೆ, ಏನೂ ಆಗಿಲ್ಲ’ ಎಂಬ ಮಾತು ಇಷ್ಟು ಗಟ್ಟಿಯಾಗಿ ಉಳಿದುಕೊಂಡಿರುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಅಭಿಪ್ರಾಯ.

‘ಚೆನ್ನಾಗಿ ಕುದಿಸಿಬಿಟ್ಟರೆ ಆಯಿತು’ ಎಂಬ ಇನ್ನೊಂದು ನಂಬಿಕೆ ನೀವು ಬರೆದಿಲ್ಲದಿದ್ದರೂ ಎಲ್ಲ ಮನೆಗಳಲ್ಲೂ ಇದೆ. ಕುದಿಸಿದರೆ ಬ್ಯಾಕ್ಟೀರಿಯ ಸಾಯುತ್ತದೆ, ನಿಜ. ಕೆಲವು ಬ್ಯಾಕ್ಟೀರಿಯ ಮೊದಲೇ ಉಗುಳಿಟ್ಟ ವಿಷ ಸಾಯುವುದಿಲ್ಲ. ಅನ್ನವನ್ನು ಗಂಟೆಗಟ್ಟಲೆ ಹೊರಗೆ ಬಿಟ್ಟಾಗ ಅದರಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬುದರ ವಾಂತಿ ತರಿಸುವ ವಿಷ ಮತ್ತೆ ಬಿಸಿ ಮಾಡಿದರೂ ಉಳಿಯುತ್ತದೆ. ಕಾಳು, ಬೀಜಗಳ ಮೇಲೆ ಬೂಸ್ಟು ಬೆಳೆದಾಗ ಉಂಟಾಗುವ ಅಫ್ಲಟಾಕ್ಸಿನ್ ಕೂಡ ಮನೆಯ ಒಲೆಗೆ ಬಗ್ಗುವುದಿಲ್ಲ. ಪೊಟ್ಟಣದ ಮೇಲೆ ಇನ್ನೂ ಆರು ತಿಂಗಳು ಬಾಕಿ ಇದೆ ಎಂದು ಬೂಸ್ಟು ಹಿಡಿದದ್ದನ್ನು ಉಳಿಸಿಕೊಳ್ಳುವ ಹಾಗಿಲ್ಲ.

ನಿಮ್ಮ ದೊಡ್ಡ ಪ್ರಶ್ನೆಗೆ ಬರೋಣ. ಎಲ್ಲಕ್ಕೂ ಒಂದೇ ಪದ ಏಕೆ ಬೇಡ? ಮೇಲೆ ಹೇಳಿದ್ದರಲ್ಲೇ ಉತ್ತರ ಇದೆ. ಓಟ್ಸಿಗೂ ಕೋಳಿಗೂ ‘ಈ ತಾರೀಖಿನ ನಂತರ ಬೇಡ’ ಎಂದು ಬರೆದರೆ ಜಗತ್ತಿನ ಅರ್ಧ ಕಪಾಟು ಕಸಕ್ಕೆ ಹೋಗುತ್ತದೆ. ಎರಡಕ್ಕೂ ‘ಈ ತಾರೀಖಿನವರೆಗೆ ಚೆನ್ನ’ ಎಂದು ಬರೆದರೆ ಕೋಳಿಯನ್ನೂ ಜನ ಮೂಸಿ ತಿನ್ನುತ್ತಾರೆ. ಆದ್ದರಿಂದ ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಬಹುತೇಕ ಒಪ್ಪಿರುವುದು ಎರಡೇ ಎರಡು ಪದಗಳನ್ನು: ಗುಣಮಟ್ಟಕ್ಕೆ ಒಂದು, ಸುರಕ್ಷತೆಗೆ ಒಂದು, ಮೂರನೆಯದು ಬೇಡ. ದೇಶದೇಶಗಳ ನಡುವೆ ಆಹಾರದ ಮಾನದಂಡಗಳನ್ನು ಹೊಂದಿಸುವ ಕೋಡೆಕ್ಸ್ ಸಂಸ್ಥೆ 2018ರಲ್ಲಿ ಲೇಬಲ್ ಮಾನದಂಡವನ್ನು ತಿದ್ದಿದಾಗ ಈ ಎರಡನ್ನು ಬೇರೆ ಬೇರೆಯಾಗಿ ವಿವರಿಸಿತು. ಜಪಾನಿನಲ್ಲಿ ಬೇಗ ಕೆಡುವ ಆಹಾರಕ್ಕೂ ಬಾಳಿಕೆ ಬರುವ ಆಹಾರಕ್ಕೂ ಎರಡು ಬೇರೆ ಹೆಸರಿನ ತಾರೀಖುಗಳಿವೆ, ಮೂರು ತಿಂಗಳಿಗಿಂತ ಹೆಚ್ಚು ಬಾಳುವುದಕ್ಕೆ ದಿನ ಬಿಟ್ಟು ಬರೀ ತಿಂಗಳು, ವರ್ಷ ಹಾಕಿದರೂ ನಡೆಯುತ್ತದೆ. ಈ ಸಣ್ಣ ಉಪಾಯ ನನಗೆ ತುಂಬ ಇಷ್ಟ. ದಿನಾಂಕವೇ ಇಲ್ಲದಿದ್ದರೆ ‘ನಿನ್ನೆಗೆ ಮುಗಿಯಿತು’ ಎಂದು ಎಸೆಯುವುದು ಹೇಗೆ?

‘ಸೆಲ್ ಬೈ’ ಎಂಬುದು ನಿಮಗೆ ಬರೆದದ್ದೇ ಅಲ್ಲ. ಅದು ಅಂಗಡಿಯವರು ಶೆಲ್ಫಿನಿಂದ ಯಾವಾಗ ತೆಗೆಯಬೇಕು ಎಂಬ ಗುರುತು. ಮನೆಗೆ ತಂದ ಮೇಲೂ ಬಳಸಲು ದಿನಗಳು ಉಳಿದಿರಲಿ ಎಂದೇ ಅದನ್ನು ಮುಂಚಿತವಾಗಿ ಹಾಕಿರುತ್ತಾರೆ. ಅದನ್ನು ಓದಿ ಆಹಾರ ಎಸೆಯುವುದು, ಬೇರೆಯವರಿಗೆ ಬರೆದ ಪತ್ರ ಓದಿ ನಾವು ದುಃಖಪಟ್ಟ ಹಾಗೆ. ಬ್ರಿಟನ್ ಸರ್ಕಾರ 2011ರಲ್ಲೇ ಇದನ್ನು ಪೊಟ್ಟಣಗಳಿಂದ ಕೈಬಿಡಲು ಸಲಹೆ ಮಾಡಿತು. ದಕ್ಷಿಣ ಕೊರಿಯ 2023ರ ಜನವರಿಯಿಂದ ಮಾರಾಟದ ಗಡುವಿನ ಬದಲು ಬಳಕೆಯ ಗಡುವು ಮುದ್ರಿಸುವ ಪದ್ಧತಿಗೆ ಬದಲಾಯಿತು. ಅಮೆರಿಕದಲ್ಲಿ ಶಿಶು ಆಹಾರ ಒಂದನ್ನು ಬಿಟ್ಟರೆ ತಾರೀಖಿನ ಪದಗಳಿಗೆ ದೇಶಕ್ಕೆಲ್ಲ ಅನ್ವಯಿಸುವ ಕಡ್ಡಾಯ ನಿಯಮವಿಲ್ಲದೆ, ಒಂದೊಂದು ಕಂಪನಿ ಒಂದೊಂದು ಬಗೆಯಲ್ಲಿ ಬರೆಯುತ್ತ ಬಂದಿತ್ತು. ಕ್ಯಾಲಿಫೋರ್ನಿಯ ರಾಜ್ಯ 2024ರಲ್ಲಿ ಕಾನೂನು ಮಾಡಿ, 2026ರ ಜುಲೈ 1ರಿಂದ ತಯಾರಾಗುವ ಪೊಟ್ಟಣಗಳ ಮೇಲೆ ಗ್ರಾಹಕರಿಗೆ ಕಾಣುವ ‘ಸೆಲ್ ಬೈ’ ಬೇಡ, ಗುಣಮಟ್ಟಕ್ಕೆ ‘ಬೆಸ್ಟ್ ಇಫ್ ಯೂಸ್ಡ್ ಬೈ’, ಸುರಕ್ಷತೆಗೆ ‘ಯೂಸ್ ಬೈ’ ಇಷ್ಟೇ ಸಾಕು ಎಂದಿತು.

ಇದರಿಂದ ಎಷ್ಟು ಉಳಿಯುತ್ತದೆ? ಈ ಪ್ರಶ್ನೆಗೆ ಉತ್ಸಾಹಕ್ಕಿಂತ ಲೆಕ್ಕ ಮುಖ್ಯ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಮನೆ, ಹೋಟೆಲು, ಅಂಗಡಿಗಳಲ್ಲಿ ದಂಡವಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ಶೇಕಡ 60 ಮನೆಗಳದ್ದೇ, ತಲೆಗೆ ವರ್ಷಕ್ಕೆ 79 ಕಿಲೋ. ಇದೆಲ್ಲ ತಾರೀಖಿನ ಗೊಂದಲದಿಂದಲೇ ಆದದ್ದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೆಚ್ಚು ಬೇಯಿಸಿದ್ದು, ಮರೆತು ಫ್ರಿಜ್ಜಿನ ಹಿಂದೆ ಬಿದ್ದದ್ದು, ಅಗ್ಗವೆಂದು ಎರಡು ತಂದದ್ದು ಎಲ್ಲ ಇದರಲ್ಲಿ ಸೇರಿದೆ. ಯುರೋಪಿಯನ್ ಆಯೋಗ 2018ರಲ್ಲಿ ಮಾಡಿಸಿದ ಅಧ್ಯಯನ, ಒಕ್ಕೂಟದಲ್ಲಿ ವರ್ಷಕ್ಕೆ ದಂಡವಾಗುವ 8.8 ಕೋಟಿ ಟನ್‌ನಲ್ಲಿ ಹೆಚ್ಚೆಂದರೆ ಶೇಕಡ 10ರಷ್ಟು ತಾರೀಖಿನ ಲೇಬಲ್ಲಿಗೆ ಸಂಬಂಧಿಸಿದ್ದು ಎಂದಿತು. ಹತ್ತನೇ ಒಂದು ಪಾಲು ಎಂದರೂ 88 ಲಕ್ಷ ಟನ್. ಬರೀ ಒಂದು ಸಾಲು ಅಚ್ಚನ್ನು ಸರಿಮಾಡಿ ಅದರಲ್ಲಿ ಸ್ವಲ್ಪ ಉಳಿದರೂ, ಅಷ್ಟು ಅಗ್ಗದ ದಾರಿ ಇನ್ನೊಂದು ನನಗೆ ಕಾಣುವುದಿಲ್ಲ.

ಆದರೆ ಪದ ಸರಿಮಾಡಿದ ತಕ್ಷಣ ಜನಕ್ಕೆ ಅರ್ಥವಾಗಿಬಿಡುತ್ತದೆ ಎಂದುಕೊಳ್ಳುವುದು ತಪ್ಪು. ಯುರೋಪಿನಲ್ಲಿ ಈ ಎರಡು ಪದಗಳ ಪದ್ಧತಿ ದಶಕಗಳಿಂದ ಇದೆ. ಹಾಗಿದ್ದೂ 2015ರಲ್ಲಿ ಅಲ್ಲಿ ನಡೆದ ಸಮೀಕ್ಷೆಯಲ್ಲಿ ‘ಬೆಸ್ಟ್ ಬಿಫೋರ್’ ಅರ್ಥ ಸರಿಯಾಗಿ ಹೇಳಿದವರು ಶೇಕಡ 47, ‘ಯೂಸ್ ಬೈ’ ಅರ್ಥ ಹೇಳಿದವರು ಶೇಕಡ 40. ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಎರಡೂ ಒಂದೇ ಅಳತೆಯ ಕಪ್ಪು ಚುಕ್ಕಿಗಳಲ್ಲಿ, ಪೊಟ್ಟಣದ ಮಡಿಕೆಯ ಸಂದಿಯಲ್ಲಿ ಅಚ್ಚಾಗಿರುತ್ತವೆ. ಜನ ಅಂಕಿ ಹುಡುಕುತ್ತಾರೆ, ಅದರ ಹಿಂದಿನ ಪದ ಬಿಟ್ಟುಬಿಡುತ್ತಾರೆ. ಸುರಕ್ಷತೆಯ ತಾರೀಖಿಗೆ ಬೇರೆ ಬಣ್ಣ, ಬೇರೆ ಆಕಾರ, ಬೇರೆ ಜಾಗ ಇರಬೇಕು, ಕನ್ನಡಕ ಹುಡುಕುವ ಮುಂಚೆಯೇ ಕಣ್ಣಿಗೆ ಬೀಳಬೇಕು ಎಂದು ನಾನು ಹೋದ ಸಭೆಗಳಲ್ಲೆಲ್ಲ ವಾದಿಸುತ್ತ ಬಂದಿದ್ದೇನೆ. ನಾರ್ವೆಯ ಕೆಲವು ಡೈರಿಗಳು ‘ಈ ತಾರೀಖಿನವರೆಗೆ ಉತ್ತಮ’ ಎಂಬುದರ ಪಕ್ಕದಲ್ಲೇ ‘ಹಲವು ಸಲ ಆಮೇಲೂ ಚೆನ್ನ’ ಎಂದು ಸೇರಿಸಿದವು. ನಾಲ್ಕು ಪದ, ಅಷ್ಟೇ. ಓದಿದವರಿಗೆ ಪಾಠ ಬೇಡ.

ಉಪ್ಪು, ಸಕ್ಕರೆ, ವಿನೆಗರ್, ತಾಜಾ ಹಣ್ಣು ತರಕಾರಿಗಳಂಥವಕ್ಕೆ ತಾರೀಖನ್ನೇ ತೆಗೆದುಬಿಡುವುದು ಇನ್ನೊಂದು ದಾರಿ. ಯುರೋಪಿನ ನಿಯಮ ಇವುಗಳಿಗೆ ವಿನಾಯಿತಿ ಕೊಟ್ಟಿದೆ. ಈ ದಾರಿಯನ್ನು ಹಾಲು ಮಾಂಸಗಳ ಕಡೆಗೆ ಎಳೆದರೆ ಮಾತ್ರ ಅಪಾಯ. ಎರಡು ಪದಗಳ ಪದ್ಧತಿಗೂ ಒಂದು ದೌರ್ಬಲ್ಯವಿದೆ: ಮೊಕದ್ದಮೆಗೆ ಹೆದರುವ ತಯಾರಕ, ಗುಣಮಟ್ಟದ ತಾರೀಖು ಸಾಕಾಗುವ ಕಡೆಯೂ ‘ಯೂಸ್ ಬೈ’ ಒತ್ತಿಬಿಡಬಹುದು. ಯಾವ ಬಗೆಯ ಆಹಾರಕ್ಕೆ ಯಾವ ಪದ ಎಂಬುದನ್ನು ತಯಾರಕನ ಇಷ್ಟಕ್ಕೆ ಬಿಡದೆ ನಿಯಂತ್ರಕರೇ ಮಾರ್ಗಸೂಚಿ ಕೊಡಬೇಕಾಗುವುದು ಇದಕ್ಕೇ.

ಇನ್ನು ಮನೆಯ ಮಾತು. ಯಾವ ತಾರೀಖೂ ನಿಮ್ಮ ಫ್ರಿಜ್ಜನ್ನು ನೋಡಿಲ್ಲ. ಬಾಯಿ ಒಡೆಯದ ಪೊಟ್ಟಣ, ಹೇಳಿದ ಉಷ್ಣತೆ, ಈ ಎರಡು ಷರತ್ತಿನ ಮೇಲೆ ಅದು ನಿಂತಿದೆ. ಫ್ರಿಜ್ಜು 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿರಬೇಕು. ಗುಂಡಿಯ ಮೇಲಿನ ಅಂಕಿ ಡಿಗ್ರಿ ಅಲ್ಲ, ಒಂದು ಸಣ್ಣ ಥರ್ಮಾಮೀಟರ್ ಒಳಗಿಟ್ಟು ರಾತ್ರಿ ಕಳೆದ ಮೇಲೆ ನೋಡಿ. ನಾನು ಅಳೆದ ಮನೆಗಳಲ್ಲಿ 8, 9 ಡಿಗ್ರಿ ಇದ್ದವು ಕಡಿಮೆಯೇನಲ್ಲ. ಅಂಥ ಫ್ರಿಜ್ಜಿನಲ್ಲಿ ತಾರೀಖಿಗೆ ಮುಂಚೆಯೇ ಹಾಲು ಕೆಡುತ್ತದೆ, ಆಗ ಜನ ಡೈರಿಯನ್ನು ಬೈಯುತ್ತಾರೆ. ಬಾಗಿಲಿನ ಅರೆ ಎಲ್ಲಕ್ಕಿಂತ ಬೆಚ್ಚಗಿನ ಜಾಗ, ಹಾಲು ಮಾಂಸ ಅಲ್ಲಿ ಬೇಡ. ‘ಯೂಸ್ ಬೈ’ ಹತ್ತಿರ ಬಂತು, ತಿಂದು ಮುಗಿಸುವ ಸೂಚನೆ ಇಲ್ಲ ಎಂದಾದರೆ ಆ ದಿನಕ್ಕೆ ಮುಂಚೆ ಫ್ರೀಜರಿಗೆ ಹಾಕಿ. ಮೈನಸ್ 18 ಡಿಗ್ರಿಯಲ್ಲಿ ಬ್ಯಾಕ್ಟೀರಿಯ ಸಾಯುವುದಿಲ್ಲ, ಆದರೆ ಬೆಳೆಯುವುದು ನಿಲ್ಲುತ್ತದೆ. ಹೊರತೆಗೆದ ಮೇಲೆ ಫ್ರಿಜ್ಜಿನೊಳಗೇ ಕರಗಿಸಿ, ಕರಗಿದ 24 ಗಂಟೆಯೊಳಗೆ ಬಳಸಿ. ತಾರೀಖು ದಾಟಿದ ಮೇಲೆ ಹಾಕಿದರೆ ಪ್ರಯೋಜನವಿಲ್ಲ.

ನಿಮ್ಮ ಮಗನ ಭಾನುವಾರದ ಜಾಲಾಟ ನಿಲ್ಲಿಸಬೇಡಿ, ಅದು ಒಳ್ಳೆಯ ಅಭ್ಯಾಸ. ಇಬ್ಬರೂ ಸೇರಿ ಮಾಡಿ, ಮೊದಲು ಪದ ಓದಿ, ಆಮೇಲೆ ಅಂಕಿ ಓದಿ. ‘ಯೂಸ್ ಬೈ’ ಇದ್ದದ್ದರ ತೀರ್ಮಾನ ಮಗನದು, ‘ಬೆಸ್ಟ್ ಬಿಫೋರ್’ ಇದ್ದದ್ದರ ತೀರ್ಮಾನ ನಿಮ್ಮ ಮೂಗಿನದು. ಪದವೇ ಇಲ್ಲದೆ ಬರೀ ಅಂಕಿ ಇದ್ದರೆ ಆಹಾರದ ಜಾತಿ ನೋಡಿ: ಫ್ರಿಜ್ಜಿನಲ್ಲಿಡುವ, ಬೇಯಿಸದೆ ತಿನ್ನುವಂಥದ್ದಾದರೆ ಕಟ್ಟುನಿಟ್ಟು, ಒಣಗಿದ್ದಾದರೆ ಸಡಿಲು. ‘ಎಕ್ಸ್‌ಪೈರಿ’ ಎಂದಿದ್ದರೆ ‘ಯೂಸ್ ಬೈ’ ಎಂದೇ ತಿಳಿಯಿರಿ.

ಓಟ್ಸಿನಂಥ ಒಣ ಪದಾರ್ಥದಲ್ಲಿ ಸೂಕ್ಷ್ಮಜೀವಿಗಳಿಗೆ ಬೇಕಾದ ನೀರೇ ಇರುವುದಿಲ್ಲ. ಹುಳು ಬಿದ್ದಿಲ್ಲ, ಕಮಟು ವಾಸನೆ ಇಲ್ಲ ಎಂದರೆ ತಾರೀಖಿನ ನಂತರವೂ ಬಳಸಬಹುದಿತ್ತು. ಟಿನ್ನಿನ ಆಹಾರವನ್ನು ಮುಚ್ಚಿದ ಮೇಲೆ ಸುಮಾರು 121 ಡಿಗ್ರಿಯ ಶಾಖ ಕೊಟ್ಟಿರುತ್ತಾರೆ, ಡಬ್ಬಿ ಗಟ್ಟಿಯಿರುವ ತನಕ ಒಳಗೆ ಹೊಸದೇನೂ ಬೆಳೆಯುವುದಿಲ್ಲ. ಉಬ್ಬಿದ, ತುಕ್ಕು ತೂತಾದ, ಅಂಚಿನ ಬೆಸುಗೆಯಲ್ಲಿ ಜಜ್ಜಿದ, ತೆರೆದಾಗ ರಸ ಚಿಮ್ಮುವ ಟಿನ್ನನ್ನು ಮಾತ್ರ ತಾರೀಖು ಎಷ್ಟೇ ಬಾಕಿ ಇರಲಿ ಎಸೆಯಿರಿ. ಅಲ್ಲಿ ಒಂದು ಚೂರು ನಾಲಿಗೆಗೆ ಹಚ್ಚುವ ನಿಮ್ಮ ಅಭ್ಯಾಸ ಖಂಡಿತ ಬೇಡ. ಬಾಟ್ಯುಲಿಸಮ್ ತರುವ ವಿಷಕ್ಕೆ ಆ ಚೂರೇ ಸಾಕಾಗಬಹುದು.

ಮೊಸರಿನ ಡಬ್ಬಿ ತೆರೆದಾಗಿತ್ತು, ಅಲ್ಲಿಗೆ ಮುದ್ರಿತ ತಾರೀಖಿನ ಲೆಕ್ಕ ಮುಗಿಯಿತು. ತಣ್ಣಗೆ ಇಟ್ಟು ಒಣ ಚಮಚ ಬಳಸಿದ್ದರೆ ತೆರೆದ ಸುಮಾರು ಒಂದು ವಾರ ನಡೆಯುತ್ತದೆ. ಹುಳಿ ಹೆಚ್ಚಾಗುವುದು, ಮೇಲೆ ನೀರು ಬಿಡುವುದು ಕೆಟ್ಟ ಗುರುತಲ್ಲ. ಬೂಸ್ಟಿನ ಒಂದು ಚುಕ್ಕೆ ಕಂಡರೂ ಮೇಲೆ ಕೆರೆದು ಉಳಿಸಿಕೊಳ್ಳದೆ ಇಡೀ ಡಬ್ಬಿ ಬಿಡಿ. ತೆರೆದ ದಿನವನ್ನು ಮುಚ್ಚಳದ ಮೇಲೆ ಪೆನ್ನಿನಲ್ಲಿ ಬರೆದಿಡುವುದು ನನ್ನ ಮನೆಯ ರೂಢಿ. ಆ ತಾರೀಖು ಕಂಪನಿಯ ತಾರೀಖಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಉಳಿದದ್ದು ಮಗುವಿನ ಹಾಲಿನ ಪುಡಿ. ಒಣ ಪುಡಿ ತಾನೆ, ಓಟ್ಸಿನ ಹಾಗೆ ನಡೆದೀತು ಎಂದು ನನ್ನ ಮೇಲಿನ ಮಾತುಗಳಿಂದಲೇ ನೀವು ತೀರ್ಮಾನಿಸಬಹುದು, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಅಲ್ಲಿನ ತಾರೀಖು ಪೌಷ್ಟಿಕಾಂಶದ ಗಡಿ. ಡಬ್ಬಿಯ ಮೇಲೆ ಬರೆದಷ್ಟು ವಿಟಮಿನ್ನು ಒಳಗೆ ಉಳಿದಿರುವುದು ಆ ದಿನದವರೆಗೆ ಮಾತ್ರ ಖಾತ್ರಿ. ದೊಡ್ಡವರು ಒಂದು ಪದಾರ್ಥದಲ್ಲಿ ಕಡಿಮೆಯಾದದ್ದನ್ನು ಇನ್ನೊಂದರಲ್ಲಿ ತುಂಬಿಕೊಳ್ಳುತ್ತಾರೆ. ಪುಡಿಯನ್ನೇ ನೆಚ್ಚಿಕೊಂಡ ಹಸುಗೂಸಿಗೆ ಬೇರೆ ಊಟವಿಲ್ಲ. ಮುಗಿದ ತಾರೀಖಿನ ಡಬ್ಬಿ ಅದಕ್ಕೆ ಬೇಡ. ಹೆರಿಗೆಗೆ ಇನ್ನೂ ಮೂರು ತಿಂಗಳಿದೆ, ಡಬ್ಬಿಯ ಬಾಯಿ ಒಡೆದಿಲ್ಲ ಎಂದಾದರೆ ಈಗಲೇ ಕೂಸಿರುವ ಮನೆ ಯಾವುದಾದರೂ ಗೊತ್ತಿದ್ದರೆ, ಅವರು ಅದೇ ಪುಡಿ ಬಳಸುತ್ತಿದ್ದರೆ, ಈ ವಾರವೇ ಕೊಟ್ಟುಬಿಡಿ. ತೆರೆದ ಮೇಲೆ ಒಂದು ತಿಂಗಳೊಳಗೆ ಮುಗಿಸಬೇಕು ಎಂದೂ ಅವರಿಗೆ ತಿಳಿಸಿ.